ಯುವರಾಜನಿಗೆ ಐದು ಕಣ್ಣು

“ಅಯ್ಯೋ, ಅದರ ಕಣ್ಣಿಗೆ ಏನೂ ಆಗಿಲ್ಲ ದೊಡ್ಡಪ್ಪಾ! ಅದಕ್ಕೆ ದಾರಿ ಕಾಣ್ತಾ ಇಲ್ಲ, ಅಷ್ಟೇ!”

“ಕಣ್ಣಿಗೇನೂ ಆಗಿಲ್ಲ, ದಾರಿ ಮಾತ್ರ ಕಾಣ್ತಿಲ್ಲ ಅನ್ನೋರು ನನ್ನ ಹತ್ರ ದಿನಾ ಬರ್ತಾರೆ ಪುಟ್ಟಿ. ಸ್ಟೂಲ್ ಮೇಲೆ ಕೂರಿಸು.”

“ಅದು ಕೂರಲ್ಲ, ಅದಕ್ಕೆ ಚಕ್ರ ಇದೆ!”

“ಹಾಗಾದ್ರೆ ಮಲಗಿಸು.”

ಮಲಗಿಸಿದೆ. ಹೊಟ್ಟೆ ಮೇಲೆ ಮಾಡಿ ಮಲಗಿದ ನಮ್ಮ ಯುವರಾಜನನ್ನು ದೊಡ್ಡಪ್ಪ ಬಗ್ಗಿ ನೋಡಿದರು. ದೊಡ್ಡಪ್ಪ ಕಣ್ಣಿನ ಡಾಕ್ಟರು. ಯುವರಾಜ ನಮ್ಮ ಕಾಲೇಜಿನ ರೋಬೋ. ಊಟದ ತಟ್ಟೆಯಷ್ಟು ಅಗಲ, ಎರಡು ಚಕ್ರ, ತಲೆತುಂಬ ವೈರು. ನೆಲಕ್ಕೆ ಅಂಟಿಸಿದ ಕಪ್ಪು ಗೆರೆಯನ್ನು ತಾನೇ ನೋಡಿಕೊಂಡು ಅದರ ಮೇಲೆ ಓಡುವುದೇ ಅವನ ಜನ್ಮದ ಏಕೈಕ ಉದ್ದೇಶ. ಆ ಏಕೈಕ ಉದ್ದೇಶವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅವನು ಅಂದು ಮಾಡಿ ಮುಗಿಸಿದ್ದ!

“ಇದೇನೇ, ಸಾಲಾಗಿ ಐದು ಕಣ್ಣು!” ದೊಡ್ಡಪ್ಪ ಹುಬ್ಬೇರಿಸಿದರು. “ಒಬ್ಬನೇ ಬಂದ್ರೂ ಮನೆ ಮಂದಿಯೆಲ್ಲ ಬಂದ ಹಾಗಾಯ್ತು.”

ಇರಿ, ಇರಿ. ಕಥೆ ಕೇಳಲು ನೀವು ಆಗಲೇ ಬಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತುಬಿಟ್ಟಿದ್ದೀರಿ, ಹಿಂದೆ ನಡೆದದ್ದನ್ನು ಹೇಳುವುದನ್ನೇ ನಾನು ಮರೆತೆ. ಒಂದು ಉಸಿರು ತೆಗೆದುಕೊಂಡು ಹೇಳುತ್ತೇನೆ.

ಹಿಂದಿನ ದಿನ ಲ್ಯಾಬಿನಲ್ಲಿ ನಮ್ಮ ಟೀಮಿನ ಕ್ಯಾಪ್ಟನ್, ಅಂದರೆ ನನ್ನದೇ ಕ್ಲಾಸಿನ ಹುಡುಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಘೋಷಿಸಿದಳು: “ನಾಳೆ ಭಾನುವಾರ, ಲ್ಯಾಬ್ ಇಲ್ಲ. ಆದ್ರೆ ಸಂಜೆಯೊಳಗೆ ಸ್ಪರ್ಧೆಯವರಿಗೆ ವಿಡಿಯೋ ಹೋಗ್ಲೇಬೇಕು. ಯುವರಾಜ ಪೂರ್ತಿ ಒಂದು ಸುತ್ತು ಹಾಕ್ಬೇಕು. ಯಾರೂ ಮುಟ್ಟೋ ಹಾಗಿಲ್ಲ, ಮಧ್ಯೆ ಕಟ್ ಮಾಡೋ ಹಾಗಿಲ್ಲ, ಒಂದು ಕ್ಷಣನೂ ಅವನು ಕ್ಯಾಮೆರಾದಿಂದ ಮರೆಯಾಗೋ ಹಾಗಿಲ್ಲ. ಇಲ್ಲಾಂದ್ರೆ ನಾವು ಔಟ್. ಯಾರು ಮಾಡ್ತೀರಾ?”

“ನಾನು!” ಅಂದೆ.

ಲ್ಯಾಬಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು! ಯಾಕೆಂದರೆ ನಮ್ಮ ಟೀಮಿನಲ್ಲಿ ನನ್ನದು ಬ್ಯಾಟರಿ ಚಾರ್ಜ್ ಮಾಡುವ ಘನವಾದ ಹುದ್ದೆ. ಪ್ಲಗ್ಗು ಹಾಕುವುದು, ಪ್ಲಗ್ಗು ಕೀಳುವುದು. ಯುವರಾಜನ ಕಣ್ಣುಗಳಾದ ಸೆನ್ಸರುಗಳನ್ನು ಮುಟ್ಟುವ ಭಾಗ್ಯ ನನಗೆ ಕನಸಿನಲ್ಲಿ ಮಾತ್ರ ಸಿಗುತ್ತಿತ್ತು. ನಿಜವಾಗಿಯೂ ಸಿಗುತ್ತಿತ್ತು. ವಾರಕ್ಕೆರಡು ಸಲವಾದರೂ ಕನಸಿನಲ್ಲಿ ನಾನು ಯಾವುದೋ ಬೆಳದಿಂಗಳ ಮೈದಾನದಲ್ಲಿ ಯುವರಾಜನ ಹಿಂದೆ ನಡೆದು ಹೋಗುತ್ತಿದ್ದೆ, ಅವನು ನನಗಾಗಿ ಒಂದು ಗೆರೆಯನ್ನು ಹುಡುಕುತ್ತಿದ್ದ.

“ನೀನಾ?” ಅಂದಳು ಕ್ಯಾಪ್ಟನ್.

“ನಾನೇ! ನಮ್ಮ ದೊಡ್ಡಪ್ಪನ ಕ್ಲಿನಿಕ್ಕಿನ ಹಾಲ್ ಇದೆ ನೋಡು, ಬಿಳೀ ನೆಲ, ಕನ್ನಡಿ ಥರ. ಸಂಜೆ ತನಕ ಯಾಕೆ? ಮಧ್ಯಾಹ್ನದ ಊಟಕ್ಕೆ ಮುಂಚೆ ವಿಡಿಯೋ ನಿನ್ನ ಫೋನಲ್ಲಿರತ್ತೆ. ಇಲ್ಲಾಂದ್ರೆ ನನ್ನ ಹೆಸರು ಬದಲಾಯಿಸು!”

“ಹೆಸರು ನೀನೇ ಇಟ್ಕೋ. ಆಯ್ತು ಅಂದ್ರೆ ಇನ್ಮೇಲೆ ಸೆನ್ಸರ್ ಕೆಲಸ ನಿಂದು. ಆಗ್ಲಿಲ್ಲ ಅಂದ್ರೆ ಸೆನ್ಸರೂ ಇಲ್ಲ, ಏನೂ ಇಲ್ಲ. ಡಿಗ್ರಿ ಮುಗಿಯೋ ತನಕ ಪ್ಲಗ್ಗು ಹಿಡ್ಕೊಂಡು ಕೂತಿರು.”

ಹೀಗೆ ನಾನು ಭಾನುವಾರ ಬೆಳಿಗ್ಗೆ ಯುವರಾಜನನ್ನು ಟವೆಲ್ಲಿನಲ್ಲಿ ಸುತ್ತಿ, ಎಳೆಕೂಸಿನ ಹಾಗೆ ಎದೆಗವಚಿಕೊಂಡು, ದೊಡ್ಡಪ್ಪನ ಮನೆಗೆ ದಂಡೆತ್ತಿ ಹೋದೆ.

ಮನೆಯ ಮುಂಭಾಗವೇ ಕ್ಲಿನಿಕ್ಕು. ಭಾನುವಾರದ ಕ್ಲಿನಿಕ್ಕಿನಷ್ಟು ಚಂದದ ಜಾಗ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಖಾಲಿ ಬೆಂಚುಗಳು ತೂಕಡಿಸುತ್ತಿದ್ದವು. ಗೋಡೆಯ ಗಡಿಯಾರ ಹುಣ್ಣಿಮೆ ಚಂದ್ರನ ಹಾಗೆ ಸುಮ್ಮನೆ ಮೇಲೆ ತೇಲುತ್ತಿತ್ತು. ಕಿಟಕಿಯಾಚೆಯ ಮರ ಒಂದು ಹಸಿರು ಮೋಡ, ಈಗ ಕರಗುತ್ತೇನೆ, ಆಗ ಕರಗುತ್ತೇನೆ ಅನ್ನುವಂತೆ ನಿಂತಿತ್ತು. ರಸ್ತೆಯಲ್ಲಿ ಹೋಗುವ ಜನ ಯಾರೋ ನೀರಿನಲ್ಲಿ ಅದ್ದಿ ತೆಗೆದ ಚಿತ್ರಗಳಂತೆ ಬಂದು ಮಾಯವಾಗುತ್ತಿದ್ದರು. ನನಗೆ ಜಗತ್ತು ಯಾವತ್ತೂ ಹೀಗೆ ಮೆತ್ತಗೆ, ತುದಿಯೆಲ್ಲ ಕರಗಿದ ಹಾಗೆ ಇರುವುದು ಇಷ್ಟ.

“ಕನಸು ಸಾಕು, ಚಪ್ಪಲಿ ಹೊರಗೆ ಬಿಡು,” ಅಂದಿತು ಒಂದು ಧ್ವನಿ. ದೊಡ್ಡಮ್ಮ! ಹಾಲಿನ ಮೂಲೆಯಲ್ಲಿ ಕನ್ನಡಕದ ಫ್ರೇಮುಗಳ ಕೌಂಟರ್ ಇದೆ, ಅದರ ಮಹಾರಾಣಿ ಈಕೆ. ಒಳಗೆ ಓಡಾಡುವ ಅಧಿಕಾರ ಅವಳ ನೀಲಿ ಚಪ್ಪಲಿಗೆ ಮಾತ್ರ.

“ನೆಲಕ್ಕೆ ಟೇಪ್ ಅಂಟಿಸ್ತೀಯಂತೆ? ಆಮೇಲೆ ಅಂಟು ಉಳಿದ್ರೆ?”

“ಉಳಿಯಲ್ಲ ದೊಡ್ಡಮ್ಮಾ. ಉಳಿದ್ರೆ ನಾನೇ ಒರೆಸ್ತೀನಿ.”

“ನೀನು ಒರೆಸಿದ ಮೇಲೆ ಒರೆಸೋರು ಯಾರು?”

ಉತ್ತರಿಸುವಷ್ಟು ಪುರುಸೊತ್ತು ನನಗೆಲ್ಲಿ! ಮಂಡಿಯೂರಿ ಕಪ್ಪು ಟೇಪಿನಲ್ಲಿ ಇಡೀ ಹಾಲಿಗೊಂದು ನದಿ ಬರೆದೆ. ಬೆಂಚಿನ ಪಕ್ಕದಿಂದ ಹೊರಟು, ಬಾಗಿಲ ಬಳಿ ಬಳುಕಿ, ಫ್ರೇಮಿನ ಕೌಂಟರಿನ ಮುಂದೆ ದೊಡ್ಡದೊಂದು ತಿರುವು ತೆಗೆದುಕೊಂಡು, ಹೊರಟಲ್ಲಿಗೇ ಬಂದು ಸೇರುವ ನದಿ. ಆಮೇಲೆ ದೊಡ್ಡಮ್ಮನಿಗೆ ಒಂದು ಭಾಷಣ.

“ನೋಡು ದೊಡ್ಡಮ್ಮಾ, ಇವನ ಒಂದೊಂದು ಕಣ್ಣಲ್ಲೂ ಒಂದು ಪುಟಾಣಿ ದೀಪ ಇದೆ. ನೆಲದ ಮೇಲೆ ಬೆಳಕು ಬಿಡತ್ತೆ. ಬಿಳೀ ನೆಲ ಬೆಳಕನ್ನ ವಾಪಸ್ ಕಳಿಸತ್ತೆ, ಕಪ್ಪು ಟೇಪ್ ನುಂಗಿಬಿಡತ್ತೆ. ಎಲ್ಲಿಂದ ಬೆಳಕು ವಾಪಸ್ ಬರಲ್ವೋ ಅಲ್ಲಿ ದಾರಿ ಇದೆ ಅಂತ ಇವನ ಲೆಕ್ಕ. ಆದ್ರೆ ಇವನಿಗೆ ಒಬ್ಬನೇ ಶತ್ರು. ಬಿಸಿಲು! ಬಿಸಿಲಲ್ಲೂ ಅದೇ ಜಾತಿ ಬೆಳಕು ರಾಶಿ ರಾಶಿ ಇದೆ. ಬಿಸಿಲು ಬಿದ್ರೆ ಕಪ್ಪೂ ಇವನಿಗೆ ಬಿಳಿ ಅನ್ಸತ್ತೆ. ಅದಕ್ಕೇ...” ಎಂದು ನಾಟಕೀಯವಾಗಿ ಕರ್ಟನ್ನುಗಳನ್ನೆಲ್ಲ ಎಳೆದು, ಟ್ಯೂಬ್‌ಲೈಟು ಹಾಕಿದೆ. “ಬಿಸಿಲು ಖತಂ!”

“ಮದುವೆಗೆ ಬಂದ ಗಂಡಿನ ಕಡೆಯವರೂ ಇಷ್ಟು ಉಪಚಾರ ಕೇಳಲ್ಲ,” ಅಂದಳು ದೊಡ್ಡಮ್ಮ.

ಟ್ಯೂಬ್‌ಲೈಟಿನ ಬೆಳಕು ಬಿದ್ದದ್ದೇ ತಡ, ನೆಲ ಕೊಳವಾಯಿತು. ಅಲ್ಲೊಂದು ಇಲ್ಲೊಂದು ಬೆಳಕಿನ ಮೆತ್ತೆಗಳು, ಯಾರೋ ಚಂದ್ರನನ್ನು ಚೂರು ಮಾಡಿ ನೀರಿಗೆ ಹಾಕಿದ ಹಾಗೆ. ಆ ಚೂರುಗಳ ನಡುವೆ ಯುವರಾಜರ ಸವಾರಿ ಹೊರಟಿತು! ಬೆಂಚು ದಾಟಿತು. ಬಾಗಿಲು ದಾಟಿತು. ನಾನು ಹಾಲಿನ ಇನ್ನೊಂದು ತುದಿಯಲ್ಲಿ ಫೋನು ಹಿಡಿದು ನಿಂತು, ಮನಸ್ಸಿನಲ್ಲೇ ಬಹುಮಾನ ಸ್ವೀಕರಿಸಿ, ವೇದಿಕೆಯ ಮೆಟ್ಟಿಲು ಇಳಿಯುತ್ತಿದ್ದೆ.

ಕೌಂಟರಿನ ತಿರುವು ಬಂತು. ಯುವರಾಜ ಒಂದು ಕ್ಷಣ ತಡೆದ. ಯಾರೋ ದೂರದಿಂದ ಹೆಸರು ಹಿಡಿದು ಕರೆದ ಹಾಗೆ ಅತ್ತ ಇತ್ತ ತಿರುಗಿದ. ಆಮೇಲೆ ನೆಟ್ಟಗೆ, ಭಾರೀ ನೆಮ್ಮದಿಯಿಂದ, ಬೆಂಚಿನ ಕೆಳಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತ.

“ಬೇಜಾರಾಗಿದೆ ಅವನಿಗೆ,” ಅಂದಳು ದೊಡ್ಡಮ್ಮ.

ಓಡಿ ಹೋಗಿ, ಎತ್ತಿ ತಂದು, ತಿರುವಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಮತ್ತೆ ಬಿಟ್ಟೆ. ಏನಾಶ್ಚರ್ಯ! ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ತಿರುವು ದಾಟಿ ಹೋದ!

ಸರಿ ಹೋಯಿತು ಅಂದುಕೊಂಡು ದೂರ ಹೋಗಿ ಫೋನು ಹಿಡಿದೆ. ಮತ್ತೆ ಅದೇ ತಿರುವು, ಅದೇ ಯೋಚನೆ, ಅದೇ ಬೆಂಚಿನ ಕೆಳಗಿನ ಗೋಡೆ!

ಹತ್ತಿರ ಕೂತರೆ ಓಡುತ್ತಾನೆ. ದೂರ ಹೋದರೆ ದಾರಿ ಬಿಡುತ್ತಾನೆ. ಕೂತೆ, ಎದ್ದೆ, ಕೂತೆ, ಎದ್ದೆ, ಮಂಡಿ ನೋವು ಬಂತು. ಊಟಕ್ಕೆ ಮುಂಚೆ ತಿರುವಿನ ಶುರುವಿನಲ್ಲೇ ಎಡವುತ್ತಿದ್ದವನು ಊಟವಾದ ಮೇಲೆ ಒಂದು ಗೇಣು ಮುಂದೆ ಹೋಗಿ ಎಡವತೊಡಗಿದ. ವಿಡಿಯೋ ಎಲ್ಲಿ ಎಂದು ಕ್ಯಾಪ್ಟನ್ನಿನ ಮೆಸೇಜು ಬಂತು. ಇನ್ನೇನು ಬಂತು, ಅಂದೆ. ಮತ್ತೆ ಮೆಸೇಜು ಬಂತು. ಬಂದೇ ಬಿಟ್ಟಿತು, ಅಂದೆ. ಮೂರನೆಯದನ್ನು ತೆರೆದೇ ನೋಡಲಿಲ್ಲ.

ಆಗಲೇ ದೊಡ್ಡಪ್ಪ ಮಧ್ಯಾಹ್ನದ ನಿದ್ದೆ ಮುಗಿಸಿ ಬಂದದ್ದು, ನೀವು ಬಂದು ಬೆಂಚಿನ ಮೇಲೆ ಕೂತದ್ದು.

“ಮೊದಲು ದೀಪ ಉರೀತಿದೆಯಾ ನೋಡೋಣ,” ಅಂದರು ದೊಡ್ಡಪ್ಪ.

“ಆ ಬೆಳಕು ನಮ್ಮ ಕಣ್ಣಿಗೆ ಕಾಣಲ್ಲ ದೊಡ್ಡಪ್ಪಾ. ಫೋನಿನ ಕ್ಯಾಮೆರಾದಲ್ಲಿ ನೋಡ್ಬೇಕು.”

ಟ್ಯೂಬ್‌ಲೈಟು ಆರಿಸಿ, ಮೂವರೂ ತಲೆಗೆ ತಲೆ ತಾಗಿಸಿ ಫೋನಿನೊಳಗೆ ಇಣುಕಿದೆವು. ಆಹಾ! ಬರಿಗಣ್ಣಿಗೆ ಸತ್ತ ಮಣಿಗಳ ಹಾಗಿದ್ದ ಕಡೆ, ಪರದೆಯ ಮೇಲೆ ನೇರಳೆ ಬಣ್ಣದ ಐದು ನಕ್ಷತ್ರ! ಯಾವುದೋ ಊರಿನಲ್ಲಿ ಈಗತಾನೇ ದೀಪ ಹಚ್ಚಿದ ಹಾಗೆ, ಆ ಊರನ್ನು ನಾವು ಬೆಟ್ಟದ ಮೇಲಿಂದ ನೋಡುತ್ತಿರುವ ಹಾಗೆ. ಸ್ಪರ್ಧೆ, ವಿಡಿಯೋ, ಪ್ಲಗ್ಗು ಎಲ್ಲ ಎಲ್ಲೋ ಕರಗಿ ಹೋದವು.

“ರೀ, ಇಷ್ಟು ಚಂದದ ಕಣ್ಣು ನಿಮ್ಮ ಯಾವ ಪೇಷಂಟಿಗೂ ಇಲ್ಲ ಬಿಡಿ,” ಅಂದಳು ದೊಡ್ಡಮ್ಮ ಮೆಲ್ಲಗೆ.

ದೊಡ್ಡಪ್ಪನಿಗೆ ಅಸೂಯೆಯಾಯಿತೋ ಏನೋ, ಗಂಟಲು ಸರಿಮಾಡಿಕೊಂಡು, ಟ್ಯೂಬ್‌ಲೈಟು ಮತ್ತೆ ಹಾಕಿ, ಪೂರ್ತಿ ಡಾಕ್ಟರಾದರು. ಅಂಗೈಯಲ್ಲಿ ಎಡಗಡೆಯ ಕಣ್ಣುಗಳನ್ನು ಮುಚ್ಚಿದರು. ಯುವರಾಜ ಚಕ್ರ ತಿರುಗಿಸಿದ. ಬಲಗಡೆಯವನ್ನು ಮುಚ್ಚಿದರು, ಇನ್ನೊಂದು ಚಕ್ರ ತಿರುಗಿಸಿದ. “ಎಡ ಸರಿ, ಬಲ ಸರಿ.” ಆಮೇಲೆ ಜೇಬಿನಿಂದ ತಮ್ಮ ಹಳೇ ಟಾರ್ಚು ತೆಗೆದು ನೇರವಾಗಿ ಐದೂ ಕಣ್ಣಿಗೆ ಹಿಡಿದರು. ಯುವರಾಜ ಬೆನ್ನ ಮೇಲೆ ಮಲಗಿದ್ದಲ್ಲೇ ಎರಡೂ ಚಕ್ರಗಳನ್ನು ಗಿರಗಿರ ತಿರುಗಿಸಿ, ಸ್ಟೂಲಿನಿಂದ ಧುಮುಕಲು ನೋಡಿದ!

“ಬೆಳಕು ಬಿಟ್ರೆ ಬೆಚ್ಚಿ ಬೀಳ್ತಾನೆ. ಕುರುಡಲ್ಲ. ಕಣ್ಣು ನನಗಿಂತ ಚೆನ್ನಾಗಿದೆ.” ದೊಡ್ಡಪ್ಪ ಟಾರ್ಚು ಜೇಬಿಗಿಟ್ಟುಕೊಂಡರು. “ಇದು ಮನಸ್ಸಿನ ಕಾಯಿಲೆ. ನನ್ನ ವಿಭಾಗ ಅಲ್ಲ.”

“ನಾನು ಆಗಿನಿಂದ ಅದನ್ನೇ ಹೇಳ್ತಿದ್ದೀನಿ!” ದೊಡ್ಡಮ್ಮ ಮುಂದೆ ಬಂದಳು. “ಇವಳು ಪಕ್ಕದಲ್ಲಿದ್ರೆ ಓಡ್ತಾನೆ, ದೂರ ಹೋದ್ರೆ ಗೋಡೆಗೆ ಹಣೆ ಇಟ್ಟು ಅಳ್ತಾನೆ. ಮೊದಲ ದಿನ ಸ್ಕೂಲಿಗೆ ಬಿಟ್ಟ ಮಗು ಥರ. ಇವಳ ಮೇಲೆ ಜೀವ ಅವನಿಗೆ.”

“ದೊಡ್ಡಮ್ಮಾ, ಅದು ಮೆಷಿನ್ನು!”

“ಮೆಷಿನ್ನಾದ್ರೇನು? ನಮ್ಮ ಮಿಕ್ಸಿ ನಾನು ಮುಟ್ಟಿದ್ರೆ ಮಾತ್ರ ಓಡತ್ತೆ. ನಿಮ್ಮ ದೊಡ್ಡಪ್ಪ ಮುಟ್ಟಿದ್ರೆ ಹೊಗೆ ಬರತ್ತೆ. ಕೇಳು ಬೇಕಾದ್ರೆ.”

ದೊಡ್ಡಪ್ಪ ಹೌದೆಂದು ತಲೆಯಾಡಿಸಿದರು. ದೊಡ್ಡಮ್ಮ ನನ್ನ ಜಾಕೆಟ್ಟು ಕಿತ್ತುಕೊಂಡು, ಒಂದು ಸ್ಟೂಲಿಗೆ ತೊಡಿಸಿ, ಅದನ್ನು ನಾನು ಕೂರುವ ಜಾಗದಲ್ಲೇ ತಿರುವಿನ ಪಕ್ಕ ಇಟ್ಟಳು. “ಈಗ ಬಿಡು.”

ಬಿಟ್ಟೆ. ನಾನು ಇಂಜಿನಿಯರಿಂಗ್ ಓದುವ ಹುಡುಗಿ. ಸ್ಟೂಲಿಗೆ ಜಾಕೆಟ್ಟು ತೊಡಿಸಿ ಸೆನ್ಸರ್ ರಿಪೇರಿ ಮಾಡುವುದನ್ನು ನಮ್ಮ ಯಾವ ಸಿಲಬಸ್ಸಿನಲ್ಲೂ ಹೇಳಿಲ್ಲ. ಆದರೆ ಯುವರಾಜ ಬಂದ, ಸ್ಟೂಲಿನ ಹತ್ತಿರ ಬಂದ, ತಾಯಿಯ ಸೆರಗು ಸಿಕ್ಕ ಹಾಗೆ ನುಣ್ಣಗೆ ತಿರುವು ದಾಟಿ ಹೋದ!

“ನೋಡಿದ್ಯಾ!” ಅಂದಳು ದೊಡ್ಡಮ್ಮ.

ಸತ್ಯ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಇಷ್ಟು ದಿನ ಬ್ಯಾಟರಿ ತುಂಬಿಸಿ ತುಂಬಿಸಿ ಸಾಕಿದವಳು ನಾನೇ ತಾನೇ? ಕ್ಯಾಪ್ಟನ್ನಿಗೆ ಗೊತ್ತಿಲ್ಲ, ಯುವರಾಜನಿಗೆ ಗೊತ್ತಿದೆ! ಅರ್ಧ ಕ್ಷಣ ಅಲ್ಲ, ಪೂರ್ತಿ ಒಂದು ಕ್ಷಣ ನಾನು ಅದನ್ನು ನಂಬಿದೆ. ಆದರೆ ವಿಡಿಯೋ ನೋಡಿದರೆ ತಿರುವಿನಲ್ಲಿ ಸ್ಟೂಲೂ ಜಾಕೆಟ್ಟೂ ಅಡ್ಡ, ಯುವರಾಜ ಮಾಯ! ಒಂದು ಕ್ಷಣವೂ ಮರೆಯಾಗುವ ಹಾಗಿಲ್ಲವಲ್ಲ. ಸ್ಟೂಲು ತೆಗೆದೆ. ಅವನು ಮತ್ತೆ ಗೋಡೆ ಸೇರಿದ.

ಹೊತ್ತು ಇಳಿಯುತ್ತಿತ್ತು. ದೊಡ್ಡಮ್ಮ ಕೌಂಟರಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ದೊಡ್ಡಪ್ಪ ಪೇಪರು ಬಿಡಿಸಿದರು. ನಾನು ಹಾಲಿನ ಆ ತುದಿಗೆ ಹೋಗಿ, ಫೋನು ಹಿಡಿದು, ಯಾವ ಆಸೆಯೂ ಇಲ್ಲದೆ ಇನ್ನೊಂದು ಸಲ ಬಿಟ್ಟೆ. ಬೆಂಚು ದಾಟಿತು, ಬಾಗಿಲು ದಾಟಿತು, ತಿರುವು ಬಂತು. ಯುವರಾಜ ತಡೆದ, ತಡವರಿಸಿದ, ಆಮೇಲೆ... ದಾಟಿದ! ದಾಟಿಯೇ ಬಿಟ್ಟ! ಮಂಜಿನೊಳಗಿಂದ ಹಡಗು ಬಂದ ಹಾಗೆ ತೇಲಿಕೊಂಡು ಬಂದು ಹೊರಟಲ್ಲಿಗೇ ಬಂದು ನಿಂತ!

ನಾನು ಕಿರುಚಿದ್ದಕ್ಕೆ ದೊಡ್ಡಪ್ಪನ ಪೇಪರು ಎರಡಾಯಿತು. ವಿಡಿಯೋ ತೆರೆದು ನೋಡುವಷ್ಟು ತಾಳ್ಮೆ ಯಾರಿಗಿದೆ? ನೇರ ಕ್ಯಾಪ್ಟನ್ನಿಗೆ ಕಳಿಸಿದೆ. ಜೊತೆಗೆ ಒಂದು ಕಿರೀಟದ ಚಿತ್ರ.

ಫೋನು ಬಂತು.

“ವಿಡಿಯೋ ನೋಡ್ದೆ,” ಅಂದಳು.

“ಹೇಗಿದೆ!”

“ಚೆನ್ನಾಗಿದೆ. ಆ ಕಾಲು ಯಾರದ್ದು?”

“ಯಾವ ಕಾಲು?”

“ನೀಲಿ ಚಪ್ಪಲಿ ಹಾಕ್ಕೊಂಡು ಯುವರಾಜನ್ನ ಫುಟ್‌ಬಾಲ್ ಥರ ಲೈನ್ ಮೇಲೆ ತಳ್ತಿದೆಯಲ್ಲ, ಆ ಕಾಲು ಕಣೇ!”

ನಾನು ನಿಧಾನಕ್ಕೆ ಕೌಂಟರಿನ ಕಡೆ ತಿರುಗಿದೆ.

“ಅದನ್ನೇನು ಒದ್ದೆನಾ ನಾನು?” ದೊಡ್ಡಮ್ಮ ಮೊದಲೇ ರೆಡಿಯಾಗಿದ್ದಳು. “ಸುಮ್ನೆ ಹೀಗೆ ದಾರಿಗೆ ಹಚ್ಚಿದೆ. ನಮ್ಮ ಕ್ಲಿನಿಕ್ಕಿಗೆ ಬಂದ ಪೇಷಂಟು ಗೋಡೆಗೆ ಡಿಕ್ಕಿ ಹೊಡೀತಿದ್ರೆ ನೋಡ್ಕೊಂಡು ಕೂತಿರ್ತೀನಾ?”

“ಪುಣ್ಯಕ್ಕೆ ಇನ್ನೂ ಸ್ಪರ್ಧೆಯವರಿಗೆ ಕಳಿಸಿಲ್ಲ,” ಅಂದಳು ಕ್ಯಾಪ್ಟನ್. “ಕತ್ತಲಾಗೋದ್ರೊಳಗೆ ಕಾಲಿಲ್ಲದ ವಿಡಿಯೋ ಬೇಕು ನಂಗೆ. ಇಲ್ಲಾಂದ್ರೆ ನೀನು, ಪ್ಲಗ್ಗು!” ಫೋನು ಕಟ್ಟಾಯಿತು.

ನಾನು ನೆಲದ ಮೇಲೆ ಕುಸಿದೆ. ದೊಡ್ಡಪ್ಪ ಹರಿದ ಪೇಪರನ್ನು ಮಡಿಸುತ್ತ ನನ್ನನ್ನೇ ನೋಡುತ್ತಿದ್ದರು.

“ಅದೆಲ್ಲ ಸರಿ ಪುಟ್ಟಿ. ನೀನು ಅಲ್ಲೇ ನಿಂತಿದ್ಯಲ್ಲ. ನಿನಗೆ ಆ ಕಾಲು ಕಾಣ್ಲಿಲ್ವಾ?”

“ಅಷ್ಟು ದೂರದಿಂದ ಕಾಲು ಯಾರಿಗೆ ಕಾಣತ್ತೆ ದೊಡ್ಡಪ್ಪಾ?”

“ಎಲ್ಲರಿಗೂ,” ಅಂದರು ದೊಡ್ಡಪ್ಪ.

ಫ್ಯಾನು ಕಿರ್ ಅಂದಿತು. ದೊಡ್ಡಪ್ಪ ಎದ್ದು ಬಂದು ನನ್ನ ಭುಜ ಹಿಡಿದು ಎಬ್ಬಿಸಿ, ಹಾಲಿನ ಆ ತುದಿಗೆ ಮುಖ ಮಾಡಿ ನಿಲ್ಲಿಸಿದರು. “ಆ ಗೋಡೆ ಮೇಲಿರೋದನ್ನ ಓದು.”

“ಕ್ಯಾಲೆಂಡರಾ?”

“ಚಾರ್ಟು! ಮೇಲಿನ ಸಾಲು ಏನಿದೆ?”

ಕಣ್ಣು ಕಿರಿದು ಮಾಡಿ ನೋಡಿದೆ. “ಒಂದು ಕಪ್ಪು ಬೆಕ್ಕು ಕೂತಿದೆ.”

“ಅದರ ಕೆಳಗೆ?”

“ಅದರ ಮರಿಗಳು.”

ದೊಡ್ಡಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ರೀ! ಊರ ಮಂದಿ ಕಣ್ಣೆಲ್ಲ ನೋಡ್ತೀರಿ, ನಿಮ್ಮ ತಮ್ಮನ ಮಗಳ ಕಣ್ಣು ನೋಡಿಲ್ವಲ್ರೀ!”

“ಇವಳು ಯಾವಾಗ ಬಂದ್ರೂ ನನ್ನ ಮೂಗಿನ ಹತ್ರ ಬಂದು ಮಾತಾಡ್ತಾಳೆ. ಪ್ರೀತಿ ಅಂದ್ಕೊಂಡಿದ್ದೆ,” ಅಂದರು ದೊಡ್ಡಪ್ಪ. “ಕಾಲೇಜಲ್ಲಿ ಬೋರ್ಡ್ ಹೇಗೇ ಓದ್ತೀಯ?”

“ಮೊದಲ ಬೆಂಚಲ್ಲಿ ಕೂರ್ತೀನಿ.”

ಅದಕ್ಕೇ ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು ಭಾರೀ ಓದುವ ಹುಡುಗಿ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ!

ದೊಡ್ಡಪ್ಪ ಒಳಗಿಂದ ಲೆನ್ಸುಗಳ ಪೆಟ್ಟಿಗೆ ತಂದರು. ಕಣ್ಣು ಪರೀಕ್ಷೆಯ ಆ ದುಂಡು ಫ್ರೇಮನ್ನು ನನ್ನ ಮೂಗಿನ ಮೇಲೆ ಕೂರಿಸಿದರು, ಮೂಗಿನ ಮೇಲೆ ಸೈಕಲ್ ನಿಲ್ಲಿಸಿದ ಹಾಗಿತ್ತು. ಒಂದು ಗಾಜು ಹಾಕಿದರು, ತೆಗೆದರು, ಇನ್ನೊಂದು ಹಾಕಿದರು. “ಈಗ? ಇದಾ, ಇದಾ?” ಟಿಕ್, ಟಿಕ್ ಎಂದು ಗಾಜುಗಳು ಕೂರುತ್ತ ಹೋದವು. ಕಪ್ಪು ಬೆಕ್ಕು ಮೈಮುರಿದು ಎದ್ದು ನಿಂತು ಅಕ್ಷರವಾಯಿತು. ಮರಿಗಳೆಲ್ಲ ಅಕ್ಷರಗಳಾದವು.

ಆಮೇಲೆ ನಾನು ತಲೆಯೆತ್ತಿ ನೋಡಿದೆ.

ಹೇಗೆ ಹೇಳಲಿ ನಿಮಗೆ! ಗಡಿಯಾರಕ್ಕೆ ಮುಳ್ಳುಗಳಿದ್ದವು! ಕರ್ಟನ್ ಸರಿಸಿದರೆ ಹಸಿರು ಮೋಡ ಹೋಗಿ ಅಲ್ಲೊಂದು ಮರ, ಮರದ ತುಂಬ ಎಲೆ, ಒಂದೊಂದು ಎಲೆಗೂ ಒಂದೊಂದು ಅಂಚು, ಒಂದೊಂದೂ ಬೇರೆ ಬೇರೆಯಾಗಿ ಅಲುಗಾಡುವುದು! ಇಷ್ಟೊಂದು ಎಲೆಗಳನ್ನು ದಿನಾ ನೋಡಿಕೊಂಡು ಜನ ಹೇಗೆ ಸುಮ್ಮನೆ ಆಫೀಸಿಗೆ ಹೋಗುತ್ತಾರೆ? ನಾನು ಕನಸಿನಿಂದ ಎಚ್ಚರವಾಗಿಲ್ಲ, ಇನ್ನೂ ಆಳದ ಕನಸಿಗೆ ಬಿದ್ದಿದ್ದೇನೆ ಅನ್ನಿಸಿತು. ಬಾಯಿ ತೆರೆದುಕೊಂಡು ಮೇಲೆ, ಇನ್ನೂ ಮೇಲೆ ನೋಡಿದೆ.

“ದೊಡ್ಡಮ್ಮಾ! ಫ್ಯಾನ್ ಮೇಲೆ ಎಷ್ಟೊಂದು ಧೂಳಿದೆ!”

“ರೀ, ಆ ಫ್ರೇಮ್ ತೆಗೀರಿ ಅವಳ ಮೂಗಿಂದ!”

“ಇರು ಇರು!” ಅಂದೆ ನಾನು. ಯಾಕೆಂದರೆ ಕಣ್ಣು ನೆಲಕ್ಕೆ ಬಿದ್ದಿತ್ತು. ನೆಲದಲ್ಲಿ ಚಂದ್ರನ ಚೂರುಗಳು ಇರಲಿಲ್ಲ. ಟ್ಯೂಬ್‌ಲೈಟಿನ ಉದ್ದನೆಯ ಗೆರೆಗಳಿದ್ದವು. ಆದರೆ ಕೌಂಟರಿನ ತಿರುವಿನಲ್ಲಿ, ಸರಿಯಾಗಿ ಕಪ್ಪು ಟೇಪಿನ ಮೇಲೆ, ಅಂಗೈ ಅಗಲದ ಒಂದು ಚೌಕ. ಬೆಚ್ಚಗೆ, ಹಳದಿ ಬಣ್ಣದಲ್ಲಿ ಕೂತಿತ್ತು. ಬಿಸಿಲು!

ಕೌಂಟರಿನ ಮೇಲೆ ಕನ್ನಡಕ ಹಾಕಿ ನೋಡಿಕೊಳ್ಳುವ ಪುಟ್ಟ ಕನ್ನಡಿ. ಮೇಲೆ, ಗೋಡೆಯ ತುದಿಯಲ್ಲಿ ಕರ್ಟನ್ ಇಲ್ಲದ ವೆಂಟಿಲೇಟರು. ಬಿಸಿಲು ಅಲ್ಲಿಂದ ಇಳಿದು, ಕನ್ನಡಿಗೆ ಬಡಿದು, ನನ್ನ ಟ್ರ್ಯಾಕಿನ ಮೇಲೆ ಬಂದು ಕೂತಿತ್ತು. ಹೊತ್ತು ಇಳಿದಂತೆ ಗೇಣು ಗೇಣಾಗಿ ಮುಂದೆ ಸರಿದಿತ್ತು. ನಾನು ಕೌಂಟರಿಗೂ ತಿರುವಿಗೂ ನಡುವೆ ಕೂತಾಗಲೆಲ್ಲ ನನ್ನ ಬೆನ್ನು ಅದಕ್ಕೆ ಅಡ್ಡ! ಯುವರಾಜನಿಗೆ ಬೇಕಾಗಿದ್ದದ್ದು ನನ್ನ ಪ್ರೀತಿಯಲ್ಲ, ನೆರಳು! ಸ್ಟೂಲಿಗೆ ತೊಡಿಸಿದ ಜಾಕೆಟ್ಟಿನ ನೆರಳೂ ಅವನಿಗೆ ಅಷ್ಟೇ ಪ್ರೀತಿ!

“ಓ, ಆ ಬಿಸಿಲಾ?” ಅಂದಳು ದೊಡ್ಡಮ್ಮ. “ಅದು ದಿನಾ ಬಂದು ಅಲ್ಲೇ ಕೂರತ್ತೆ.”

“ನಿನಗೆ ಕಾಣ್ತಿತ್ತಾ? ಹೇಳ್ಬಾರದಿತ್ತಾ!”

“ಬಿಸಿಲು ಖತಂ ಅಂತ ನೀನೇ ಭಾಷಣ ಮಾಡಿದ್ಯಲ್ಲ. ಅಷ್ಟು ಓದಿದವಳು, ಅಷ್ಟೊಂದನ್ನ ಬೇಕಂತಲೇ ಬಿಟ್ಟಿರಬೇಕು ಅಂದ್ಕೊಂಡೆ.”

ಕನ್ನಡಿಯನ್ನು ಬೋರಲು ಹಾಕಿದೆ. ಚೌಕ ಮಾಯವಾಯಿತು! ಕರ್ಟನ್ ಎಳೆದು, ದೊಡ್ಡಮ್ಮನ ಎರಡೂ ಕಾಲನ್ನು ಕುರ್ಚಿಯ ಮೇಲೆ ಇಡಿಸಿ, ಫ್ರೇಮು ಮೂಗಿನ ಮೇಲಿರುವ ಹಾಗೇ ಫೋನು ಹಿಡಿದೆ. ಯುವರಾಜ ಹೊರಟ. ಬೆಂಚು, ಬಾಗಿಲು, ತಿರುವು... ನುಣ್ಣಗೆ ದಾಟಿದ! ಯಾರ ಕಾಲೂ ಇಲ್ಲ, ಯಾರ ಜಾಕೆಟ್ಟೂ ಇಲ್ಲ! ಸುತ್ತು ಮುಗಿಸಿ ಬಂದು ನಿಂತ!

ಈ ಸಲ ಬುದ್ಧಿ ಬಂದಿತ್ತು. ಕಳಿಸುವ ಮುಂಚೆ ದೊಡ್ಡಮ್ಮ ವಿಡಿಯೋ ಹಾಕಿ ನೋಡಿದಳು.

“ಶುರುವಲ್ಲಿ ರೋಬೋ ಇದೆ,” ಅಂದಳು. “ಆಮೇಲೆ ಚಾರ್ಟ್ ಇದೆ. ನೀನು ಜೋರಾಗಿ ಅಕ್ಷರ ಓದ್ತಿದ್ದೀಯ. ಆಮೇಲೆ ಗಡಿಯಾರದ ಮುಳ್ಳು. ಆಮೇಲೆ ವೆಂಟಿಲೇಟರಲ್ಲಿ ಒಂದು ಎಲೆ. ಕೊನೇ ತನಕ ಎಲೆನೇ. ಚೆನ್ನಾಗಿ ಬಂದಿದೆ ಎಲೆ.”

ಕಣ್ಣು ಹೋದ ಕಡೆಗೆಲ್ಲ ಫೋನೂ ಹೋಗಿತ್ತು!

“ಕೊಡಿಲ್ಲಿ,” ಅಂದಳು ದೊಡ್ಡಮ್ಮ. “ನೀನು ಪೇಷಂಟು. ಪೇಷಂಟುಗಳು ಕೂರೋ ಜಾಗದಲ್ಲಿ ಕೂತ್ಕೋ.”

ಹೊರಗೆ ಬೆಳಕು ಕಂದುತ್ತಿತ್ತು. ಸೆನ್ಸರುಗಳ ಭಾವೀ ಒಡತಿಯಾದ ನಾನು ಬೆಂಚಿನ ಮೇಲೆ ಕೈಕಟ್ಟಿ ಕೂತೆ. ಯುವರಾಜನ ಸ್ವಿಚ್ಚು ಒತ್ತಿದ್ದು ದೊಡ್ಡಪ್ಪ, ಫೋನು ಹಿಡಿದದ್ದು ದೊಡ್ಡಮ್ಮ. ಅವಳ ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಯುವರಾಜ ಆ ಕಪ್ಪು ನದಿಯ ಮೇಲೆ ಎಲ್ಲೂ ತಡೆಯದೆ, ಯಾರನ್ನೂ ಹುಡುಕದೆ, ತಾನೇ ತಾನಾಗಿ ಹೋಗಿ ಬಂದ. ಅವನ ಒಂದೊಂದು ಚಕ್ರದ ಒಂದೊಂದು ಹಲ್ಲೂ ನನಗೆ ಅಷ್ಟು ದೂರದಿಂದ ಕಾಣುತ್ತಿತ್ತು.

ಕಳಿಸಿದೆವು. ಬೀದಿ ದೀಪ ಹೊತ್ತುವುದಕ್ಕೂ ಕ್ಯಾಪ್ಟನ್ನಿನ ಮೆಸೇಜು ಬರುವುದಕ್ಕೂ ಸರಿಹೋಯಿತು: “ಸ್ಪರ್ಧೆಯವರು ತಗೊಂಡ್ರು!! ನಾವು ಇನ್! ಸೆನ್ಸರ್ ನಿಂದು. ಕ್ಯಾಮೆರಾ ಮಾತ್ರ ಆ ನೀಲಿ ಚಪ್ಪಲಿಯವರಿಗೆ ಕೊಡು.”

ನಾನು ಬೆಂಚಿನ ಮೇಲೆ ಹತ್ತಿ ಕುಣಿದೆ. ದೊಡ್ಡಮ್ಮ ನೆಲದ ಟೇಪು ಕೀಳತೊಡಗಿದಳು, ಅಂಟು ಎಲ್ಲಿ ಉಳಿದಿದೆ ಎಂದು ಹುಡುಕಿ ಹುಡುಕಿ ತೋರಿಸಿದಳು, ಒಂದೊಂದೂ ನನಗೆ ಸ್ಪಷ್ಟವಾಗಿ ಕಂಡಿತು, ಒಂದೊಂದನ್ನೂ ಒರೆಸಿದೆ. ಎಲ್ಲ ಮುಗಿದ ಮೇಲೆ ದೊಡ್ಡಪ್ಪ ನನ್ನ ಮೂಗಿನಿಂದ ಫ್ರೇಮು ಎತ್ತಿಕೊಂಡರು. ಜಗತ್ತು ಮತ್ತೆ ಮೆತ್ತಗೆ ಕರಗಿ ಹೋಯಿತು. ಬೀದಿ ದೀಪ ಮತ್ತೆ ಹೂವಾಯಿತು.

“ಅಯ್ಯೋ ದೊಡ್ಡಪ್ಪಾ, ಇದನ್ನ ನಾನೇ ಇಟ್ಕೋತೀನಿ!”

“ಇದು ಪರೀಕ್ಷೆ ಮಾಡೋದು ಕಣೇ, ಹಾಕ್ಕೊಂಡು ತಿರುಗೋದಲ್ಲ. ಮುಂದಿನ ಭಾನುವಾರ ಬಾ, ನಿನ್ನ ಕನ್ನಡಕ ರೆಡಿಯಾಗಿರತ್ತೆ.” ಬಾಗಿಲ ತನಕ ಬಂದು, ಹೊರಗಿನ ರಸ್ತೆ ನೋಡಿ, ನನ್ನ ಮುಖ ನೋಡಿದರು. “ಒಬ್ಬಳೇ ಬರ್ಬೇಡ. ಕಣ್ಣು ನೆಟ್ಟಗೆ ಕಾಣೋರನ್ನ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಬಾ.”

“ಯಾರನ್ನ ದೊಡ್ಡಪ್ಪಾ?”

ದೊಡ್ಡಪ್ಪ ನನ್ನ ತೋಳಿನಲ್ಲಿದ್ದ ಟವೆಲ್ಲಿನ ಗಂಟನ್ನು ಮೆಲ್ಲಗೆ ತಟ್ಟಿದರು.

“ಇವನನ್ನೇ.”